ಬೆಂಡು ಮುಳುಗುವವರೆಗೆ

ಹುಲಿಯನ್ನು ತೋರಿಸಲೆಂದು ಮೊಮ್ಮಗನನ್ನು ಕರೆದುಕೊಂಡು ಹೋದ ನಾನು ಮೀನಿನ ವಿಷಯವನ್ನು ಬರೆಯಲು ಕುಳಿತಿದ್ದೇನೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ತಪ್ಪೆಲ್ಲವೂ ಹುಲಿಯದು.

ಶಿವಮೊಗ್ಗೆಯಿಂದ ಸಾಗರದ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರು ಹೋದರೆ ತ್ಯಾವರೆಕೊಪ್ಪ. 1988ರಲ್ಲಿ ಅಲ್ಲಿ ಹುಲಿ ಮತ್ತು ಸಿಂಹಗಳ ಧಾಮ ಆರಂಭವಾದಂದಿನಿಂದ, ಮನೆಗೆ ಬಂದ ಬಂಧುಗಳ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮೂರಿನವರಿಗೆ ಒಂದು ಕುಲಾಚಾರವೇ ಆಗಿಬಿಟ್ಟಿದೆ. ಅಲ್ಲಿ ಹುಲಿಗಳು ಬಯಲಿನಲ್ಲಿ ತಿರುಗಾಡುತ್ತವೆ. ಮನುಷ್ಯರು ಜಾಲರಿ ಬಿಗಿದ ವಾಹನದಲ್ಲಿ ಕುಳಿತಿರುತ್ತಾರೆ. ಯಾರನ್ನು ನೋಡಲು ಯಾರು ಬಂದಿದ್ದಾರೆಂಬುದು ಕೆಲವೊಮ್ಮೆ ನನಗೆ ತಿಳಿಯುವುದಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದ ನನ್ನ ಐದು ವರ್ಷದ ಮೊಮ್ಮಗನಿಗೂ ಈ ಸಂಸ್ಕಾರವನ್ನು ನೆರವೇರಿಸಿದೆವು. ಆದರೆ ಆ ದಿನ ಹುಲಿರಾಯನು ಬಿದಿರಿನ ಮೆಳೆಯ ನೆರಳಿನಲ್ಲಿ ನಮಗೆ ಬೆನ್ನು ಹಾಕಿ ಮಲಗಿದ್ದನು. ಹುಡುಗನು ಅರೆಗಳಿಗೆ ನೋಡಿದನು. ಆಮೇಲೆ ಬಹಳ ಸಹಜವಾಗಿ ಕೇಳಿದನು:

"ಅಜ್ಜಾ, ಇದು ಆನ್ ಆಗಲ್ವಾ?"

ವಾಹನದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗೆ ಅರ್ಧದಲ್ಲಿ ನಿಂತಿತು. ರಜೆ ಆರಂಭವಾಗುವ ಮೊದಲು ಅವನ ಶಿಶುವಿಹಾರದಿಂದ ಬಂದಿದ್ದ ವರದಿಯನ್ನು ಸೊಸೆ ನನಗೆ ತೋರಿಸಿದ್ದಳು. ಮಗು ಚುರುಕಾಗಿದೆ, ಆದರೆ ಐದು ನಿಮಿಷ ಒಂದೆಡೆ ಕೂರುವುದಿಲ್ಲ. ಯಾವುದರಲ್ಲಿಯೂ ಗಮನ ನಿಲ್ಲುವುದಿಲ್ಲ ಎಂದು ಅದರಲ್ಲಿ ಬರೆದಿದ್ದಿತು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದ ನಾನು, "ಮಕ್ಕಳೆಂದರೆ ಹಾಗೆಯೇ ಕಣಮ್ಮಾ" ಎಂದು ದೊಡ್ಡದಾಗಿ ಸಮಾಧಾನ ಹೇಳಿದ್ದೆ. ಇಂಥದೇ ಮಾತನ್ನು ಎಷ್ಟು ಮಕ್ಕಳ ಅಂಕಪಟ್ಟಿಯಲ್ಲಿ ನಾನೇ ಬರೆದಿದ್ದೆನೆಂಬುದನ್ನು ಮಾತ್ರ ಹೇಳಲಿಲ್ಲ.

ಹಿಂದಿರುಗುವಾಗ ಮುಖ್ಯ ರಸ್ತೆಯಿಂದ ಒಂದಿಷ್ಟು ಒಳಗೆ ಒಂದು ಕೆರೆ ಕಂಡಿತು. ಅದರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಓದುಗರೆಲ್ಲರೂ ಗಾಳ ಹಿಡಿದು ಬಂದು ಕುಳಿತಾರು, ಅಲ್ಲಿನ ಕಾವಲುಗಾರ ನನ್ನನ್ನು ಬಯ್ದಾನು. ಏರಿಯ ಕೆಳಗೆ ಒಬ್ಬ ಮನುಷ್ಯನು ಬಿದಿರುಕೋಲಿನ ಗಾಳವನ್ನು ನೀರಿಗಿಳಿಬಿಟ್ಟು ಕುಕ್ಕರಗಾಲಿನಲ್ಲಿ ಕುಳಿತಿದ್ದನು. ಮೊಮ್ಮಗನು ನನ್ನ ಕೈಯನ್ನು ಬಿಡಿಸಿಕೊಂಡು ಹೋಗಿ ಅವನ ಬಳಿ ನಿಂತನು. ನಿಂತನು ಎಂದೆನಲ್ಲವೇ? ಆ ಕ್ರಿಯಾಪದವನ್ನು ಅವನ ವಿಷಯದಲ್ಲಿ ನಾನು ಬಳಸಿದ್ದು ಅದೇ ಮೊದಲು. ನೀರಿನ ಮೇಲೆ ಬೆರಳುದ್ದದ ಒಂದು ಬೆಂಡಿನ ತುಂಡು ತೇಲುತ್ತಿದ್ದಿತು. ಹುಡುಗನು ಅದನ್ನು ನೋಡುತ್ತ ಹತ್ತು ನಿಮಿಷ ಕಳೆದನು. ಏನೂ ಆಗಲಿಲ್ಲ. ಆದರೂ ಅದು ಆನ್ ಆಗುವುದಿಲ್ಲವೇ ಎಂದು ಅವನು ಕೇಳಲಿಲ್ಲ.

ಆಗ ಆ ಮನುಷ್ಯನು ತಲೆಯೆತ್ತಿ ನನ್ನನ್ನು ನೋಡಿ, "ಮೇಷ್ಟ್ರೇ, ಗುರ್ತು ಸಿಕ್ಕಲಿಲ್ವಾ?" ಎಂದನು.

ಸಿಕ್ಕಿರಲಿಲ್ಲ. ಐವತ್ತರ ಆಸುಪಾಸಿನ ವಯಸ್ಸು, ನರೆತ ಮೀಸೆ. "ನಾಲ್ಕನೇ ಕ್ಲಾಸು. ಕಿಟಕಿ ಪಕ್ಕ ಕೂರ್ತಿದ್ದೆ" ಎಂದನು. ಉಪಾಧ್ಯಾಯರಾದವರಿಗೆ ಇಂಥ ಸಂದರ್ಭದಲ್ಲಿ ಒಂದು ವಿದ್ಯೆ ಕರಗತವಾಗಿರುತ್ತದೆ: "ಓಹೋ, ನೀನೋ!" ಎಂದುಬಿಡುವುದು. ನಾನೂ ಹಾಗೆಯೇ ಎಂದೆ. ಕೆರೆಯನ್ನು ಮೀನು ಸಾಕಲು ಗುತ್ತಿಗೆ ಹಿಡಿದವರ ಪರವಾಗಿ ತಾನು ಕಾವಲಿರುವುದಾಗಿಯೂ, ದಡದ ಸಣ್ಣಪುಟ್ಟ ಮೀನಿಗೆ ಗಾಳ ಹಾಕಲು ತನಗೆ ಅನುಮತಿ ಇರುವುದಾಗಿಯೂ ತಿಳಿಸಿದನು. "ಮಗೂಗೆ ಆಸೆ ಇದ್ದಂಗಿದೆ. ನಾಳೆ ಬೆಳಿಗ್ಗೆ ಕರ್ಕೊಂಡ್ ಬನ್ನಿ" ಎಂದನು.

ಮನೆಯಲ್ಲಿ ಈ ಯೋಜನೆಗೆ ಒಮ್ಮೆಲೇ ಅನುಮೋದನೆ ದೊರೆಯಲಿಲ್ಲ. "ಮೀನು ಹಿಡಿಯೋ ಆಟ ಮನೇಲೇ ಇದೆಯಲ್ಲ ಮಾವ?" ಎಂದಳು ಸೊಸೆ. ಇದ್ದಿತು. ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು ಒಂದು ತಟ್ಟೆಯಲ್ಲಿ ಗಿರಗಿರನೆ ತಿರುಗುತ್ತ ಬಾಯಿ ತೆರೆದು ಮುಚ್ಚುತ್ತವೆ; ಆಯಸ್ಕಾಂತದ ಗಾಳವನ್ನು ತೂರಿಸಿ ಅವುಗಳನ್ನು ಎತ್ತಬೇಕು. ಆ ಆಟವನ್ನು ನಾನು ಹೀನೈಸಲಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿ ಮುಂದೆ ನಮ್ಮ ಶಾಲೆಗೂ ಬಂದಾಗ, ನಾನೇ ರಟ್ಟಿನಲ್ಲಿ ಮೀನುಗಳನ್ನು ಕತ್ತರಿಸಿ, ಮೂತಿಗೆ ಗುಂಡುಪಿನ್ನು ಚುಚ್ಚಿ, ಬೆನ್ನಿನ ಮೇಲೆ ಅಂಕಿಗಳನ್ನು ಬರೆದು ಇಂಥದೇ ಆಟವನ್ನು ಮಾಡಿದ್ದೆ. ಏಳನ್ನು ಹಿಡಿದವನು ಏಳು ಎನ್ನಬೇಕು. ಮೂರನ್ನೂ ನಾಲ್ಕನ್ನೂ ಹಿಡಿದವನು ಕೂಡಿಸಬೇಕು. ಕೈಯೂ ಕಣ್ಣೂ ಒಂದಾಗಿ ಕೆಲಸ ಮಾಡುವುದನ್ನು, ಬಣ್ಣವನ್ನು, ಎಣಿಕೆಯನ್ನು ಅದು ಚೆನ್ನಾಗಿಯೇ ಕಲಿಸುತ್ತದೆ. ಆದರೆ ಅದರಲ್ಲಿ ಒಂದು ಕೊರತೆ ಇದೆ: ಆ ಮೀನುಗಳು ಎಂದಿಗೂ ನಿರಾಶೆಗೊಳಿಸುವುದಿಲ್ಲ. ಗಾಳ ಇಟ್ಟಾಗಲೆಲ್ಲ ಮೀನು ಸಿಕ್ಕುವ ಕೆರೆ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ.

ಸೊಸೆಯ ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದಾಗಿದ್ದಿತು. "ಇಷ್ಟು ಚಿಕ್ಕ ಮಗೂಗೆ ಹಿಂಸೆ ಕಲಿಸ್ಬೇಕಾ?" ನಮ್ಮದು ಮೀನು ತಿನ್ನುವ ಮನೆಯೇ. ಆದರೆ ಬೆಂಗಳೂರಿನಲ್ಲಿ ಬೆಳೆದ ಹುಡುಗನಿಗೆ ಮೀನೆಂದರೆ ತಲೆಯೂ ಬಾಲವೂ ಮುಳ್ಳೂ ಇಲ್ಲದ, ಚೌಕವಾದ ಒಂದು ತುಂಡು. ಜೀವ ತೆಗೆಯುವುದು ಹಿಂಸೆಯೇ ಸರಿ. ತಾನು ತಿನ್ನುತ್ತಿರುವುದು ಒಂದು ಜೀವವೆಂದು ತಿಳಿಯದೆಯೇ ತಿನ್ನುವುದು ಏನು? ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. "ನೀರಿನ ಹತ್ತಿರ ಅವನ ಕೈ ಬಿಡುವುದಿಲ್ಲ" ಎಂದು ಮಾತ್ರ ಮಾತು ಕೊಟ್ಟೆ. ಒಪ್ಪಿದಳು.

ಮರುದಿನ ನಾವು ಹೋದಾಗ ಶಿಷ್ಯೋತ್ತಮನು ಎಲ್ಲವನ್ನೂ ಸಿದ್ಧಪಡಿಸಿದ್ದನು. ಹುಡುಗನ ಎತ್ತರಕ್ಕೆ ಸರಿಯಾದ ಒಂದು ತೆಳ್ಳನೆಯ ಬಿದಿರುಕೋಲು. ಕೊಕ್ಕೆಯ ಒಳಗಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ನುಣುಪು ಮಾಡಿದ್ದನು. "ಮಗು ಕೈಗೆ ಚುಚ್ಚಿದ್ರೂ ಸಲೀಸಾಗಿ ಬರುತ್ತೆ, ಮೀನಿಗೂ ನೋವು ಕಡಿಮೆ" ಎಂದನು. ಆಮೇಲೆ ನೀರಿನ ಅಂಚಿನಿಂದ ಎರಡು ಮಾರು ಈಚೆಗೆ ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಅದನ್ನು ದಾಟಿದವರಿಗೆ ಆ ದಿನ ಗಾಳವಿಲ್ಲವೆಂದು ಸಾರಿದನು. ಆ ನಿಯಮ ನನಗೂ ಅನ್ವಯಿಸುತ್ತಿದ್ದಿತು. ಪ್ರತಿ ಬೇಸಗೆಯಲ್ಲಿಯೂ ಕೆರೆಕಟ್ಟೆಗಳಲ್ಲಿ ಮುಳುಗಿಹೋದ ಮಕ್ಕಳ ಸುದ್ದಿಯನ್ನು ಓದುವ ನನಗೆ, ಮಾಡಿದ ಪಾಠಗಳಲ್ಲೆಲ್ಲ ಆ ಗೆರೆಯೇ ಮೊದಲನೆಯದಾಗಿ ಕಂಡಿತು.

ಇನ್ನುಳಿದ ಪಾಠಗಳು ತಾವಾಗಿಯೇ ಬಂದವು. ಎರೆಹುಳುವಿಗಾಗಿ ನೆಲವನ್ನು ಅಗೆದಾಗ, ಒಣನೆಲದಲ್ಲಿ ಹುಳುವಿಲ್ಲ, ತೇವವಿದ್ದಲ್ಲಿ ಇದೆ ಎಂಬುದು ಗೊತ್ತಾಯಿತು. ನೀರಿನ ಆಳವನ್ನು ತಿಳಿಯಲು ದಾರದ ತುದಿಗೆ ಕಲ್ಲನ್ನು ಕಟ್ಟಿ ಇಳಿಬಿಟ್ಟು, ನೆನೆದ ಭಾಗವನ್ನು ಗೇಣಿನಿಂದ ಅಳೆದರು. ಹುಡುಗನ ಗೇಣಿಗೆ ಹದಿಮೂರು, ಕಾವಲುಗಾರನ ಗೇಣಿಗೆ ಎಂಟು. ಒಂದೇ ದಾರಕ್ಕೆ ಎರಡು ಲೆಕ್ಕ ಹೇಗೆ ಬಂದಿತೆಂದು ಹುಡುಗನು ತನ್ನ ಅಂಗೈಯನ್ನು ಅವನ ಅಂಗೈಯ ಮೇಲಿಟ್ಟು ನೋಡಿದನು. ಅಳತೆಗೋಲು ಏಕೆ ಬೇಕೆಂಬುದನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮುಂದೆ ನಿಂತು ವಿವರಿಸಿದ್ದೇನೆ. ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ. ಕಲ್ಲು ಮುಳುಗುತ್ತದೆ, ಬೆಂಡು ತೇಲುತ್ತದೆ. ಮೀನನ್ನು ಮುಟ್ಟುವ ಮೊದಲು ಕೈಯನ್ನು ನೆನೆಸಿಕೊಳ್ಳಬೇಕು. ಅದರ ಮೈಯ ಲೋಳೆಯೇ ಅದಕ್ಕೆ ರಕ್ಷೆ, ಒಣಗೈ ಆ ಲೋಳೆಯನ್ನು ಕಿತ್ತುಬಿಡುತ್ತದೆ. ಮೀಸೆಯಿರುವ ಚೇಳುಮೀನನ್ನು ಮಾತ್ರ ಮುಟ್ಟಲೇಬಾರದು. ಮೀನಿಗೆ ರೆಪ್ಪೆಯಿಲ್ಲ, ಹಾಗಾದರೆ ಅದು ನಿದ್ದೆಮಾಡಿದುದು ಅದರ ಅಮ್ಮನಿಗೆ ಹೇಗೆ ಗೊತ್ತಾಗುತ್ತದೆ? ಈ ಕೊನೆಯ ಪ್ರಶ್ನೆ ನನ್ನ ಮೊಮ್ಮಗನದು. ಉತ್ತರ ನನ್ನ ಬಳಿ ಇರಲಿಲ್ಲ.

ಇಷ್ಟೆಲ್ಲ ಆದರೂ ಮೊದಲ ದಿನ ಮೀನು ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಕಾರಣ ಮೀನಲ್ಲ, ನಾನು.

ಬೆಂಡು ಸ್ವಲ್ಪ ಅಲುಗಾಡಿದೊಡನೆಯೇ ನಾನು, "ಎಳಿ! ಎಳಿ!" ಎಂದು ಕೂಗುತ್ತಿದ್ದೆ. ಹುಡುಗನು ಬೆಚ್ಚಿಬಿದ್ದು ಕೋಲನ್ನು ಎತ್ತುತ್ತಿದ್ದನು. ಅರ್ಧ ತಿಂದ ಎರೆಹುಳು ಗಾಳಿಯಲ್ಲಿ ತೂಗಾಡುತ್ತಿದ್ದಿತು. ಹೀಗೆ ನಾಲ್ಕೈದು ಸಲ ಆದ ಮೇಲೆ ಕಾವಲುಗಾರನು ತಗ್ಗಿದ ದನಿಯಲ್ಲಿ ಹೇಳಿದನು:

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಬೆಂಡು ನಡುಗ್ತಾ ಇದ್ರೆ ಮೀನು ರುಚಿ ನೋಡ್ತಾ ಇದೆ ಅಂತ. ಆಗ ಎಳೆದ್ರೆ ಹೆದರಿ ಹೋಗುತ್ತೆ. ಓರೆಯಾಗಿ ಒಳಗೆ ಹೋದಾಗ ಎಳೀಬೇಕು. ಅದು ಮಗೂಗೇ ಗೊತ್ತಾಗುತ್ತೆ. ನೀವು ಸುಮ್ನಿರಿ."

ನನಗೆ ಯಾರಾದರೂ "ಸುಮ್ನಿರಿ" ಎಂದು ಹೇಳಿ ಬಹಳ ವರ್ಷಗಳಾಗಿದ್ದವು. ನಾನು ಸುಮ್ಮನಾದೆ. ಸುಮ್ಮನಾದೊಡನೆ ಮನಸ್ಸು ಹಿಂದಕ್ಕೆ ಹೋಯಿತು. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗ ಯಾರೆಂಬುದು ಆಗ ನೆನಪಾಯಿತು. ನೆನಪಾಗದಿದ್ದರೇ ಚೆನ್ನಾಗಿದ್ದಿತು.

ಅದು 1984ರ ಜೂನ್ ತಿಂಗಳು. ಮಲೆನಾಡಿನ ಶಾಲೆಗಳ ಬಾಗಿಲು ತೆರೆಯುವುದೂ ಮೃಗಶಿರಾ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಆ ಮೊದಲ ಮಳೆಗೆ ಹಳ್ಳಗಳಲ್ಲಿ ಕೆಂಪುನೀರು ನುಗ್ಗುತ್ತದೆ. ಹೊಳೆ–ಕೆರೆಗಳ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಏರುತ್ತ ಗದ್ದೆಗಳವರೆಗೂ ಬರುತ್ತವೆ. ಇದೇ ನಮ್ಮ ಕಡೆಯ ಹತ್ತುಮೀನು. ಆ ಕೆಲವು ದಿನ ಊರಿಗೆ ಊರೇ ದೀಪ ಹಿಡಿದು ರಾತ್ರಿಯೆಲ್ಲ ಗದ್ದೆಯಲ್ಲಿರುತ್ತದೆ. ಬೇಸಗೆಯಲ್ಲಿ ಸಾಗರ, ಸೊರಬದ ಕಡೆ ನಡೆಯುವ ಕೆರೆಬೇಟೆಯೂ ಹೀಗೆಯೇ: ಬತ್ತಿದ ಕೆರೆಗೆ ಜನರೆಲ್ಲ ಒಮ್ಮೆಲೇ ಇಳಿದು, ಬಿದಿರಿನ ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಯಿಂದ ಕೈಹಾಕಿ ಮೀನನ್ನು ಹಿಡಿಯುತ್ತಾರೆ. ಚಿಕ್ಕವರು ದೊಡ್ಡವರ ಪಕ್ಕದಲ್ಲಿದ್ದು ನೋಡಿ ಕಲಿಯುತ್ತಾರೆ. ಯಾವ ನೀರಿನಲ್ಲಿ ಯಾವ ಮೀನು, ಯಾವ ಮಳೆಗೆ ಯಾವ ಹಳ್ಳ ಎಂಬ ವಿದ್ಯೆಯೆಲ್ಲ ಹೀಗೆ ಕೈಯಿಂದ ಕೈಗೆ ಬಂದುದು. ಆಗ ನಮ್ಮ ತರಗತಿಗಳು ಬರಿದಾಗುತ್ತಿದ್ದವು. ಹಾಜರಿಪುಸ್ತಕದಲ್ಲಿ ಸಾಲುಸಾಲಾಗಿ ಗೈರುಹಾಜರಿ ಬೀಳುತ್ತಿದ್ದಿತು. ಎಳೆಯ ಉಪಾಧ್ಯಾಯನಾಗಿದ್ದ ನನಗೆ ಅದು ಅಜ್ಞಾನದ ಹಬ್ಬದಂತೆ ಕಂಡಿತ್ತು.

ಈ ಹುಡುಗನು ಎರಡು ದಿನ ಬಾರದೆ ಮೂರನೆಯ ದಿನ ಬಂದನು. ನಾನು ಭಾಗಾಕಾರ ಹೇಳಿಕೊಡುತ್ತಿದ್ದೆ. ಅವನ ಚೀಲದಿಂದ ವಾಸನೆ ಬರುತ್ತಿದೆಯೆಂದು ಪಕ್ಕದವರು ದೂರಿದರು. ತೆರೆಸಿ ನೋಡಿದರೆ ಸ್ಲೇಟಿನ ಜೊತೆ ಕೆಸುವಿನ ಎಲೆಯಲ್ಲಿ ಸುತ್ತಿದ ಮೀನುಗಳು. ಬೆಳಿಗ್ಗೆ ಬರುವ ದಾರಿಯಲ್ಲಿ ಗದ್ದೆಯ ಅಂಚಿನಲ್ಲಿ ಹಿಡಿದವು. ನಾನು ಅವನನ್ನು ನಿಲ್ಲಿಸಿ, "ಹದಿನೆಂಟನ್ನು ಆರರಿಂದ ಭಾಗಿಸಿದರೆ ಎಷ್ಟು?" ಎಂದು ಕೇಳಿದೆ. ಅವನು ಮಾತಾಡಲಿಲ್ಲ. ಎಷ್ಟು ಹೊತ್ತು ಕಾದೆನೋ ಕಾಣೆ; ಬಹಳ ಹೊತ್ತಲ್ಲ. ಬೆತ್ತ ತೆಗೆದುಕೊಂಡು ಎರಡೇಟು ಹಾಕಿದೆ. ಮೀನುಗಳನ್ನು ಬೇಲಿಯಾಚೆ ಎಸೆದುಬರಲು ಹೇಳಿದೆ. ಎಸೆದು ಬಂದನು. ಮರುದಿನ ಅವನು ಶಾಲೆಗೆ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿತು. ನನ್ನ ಕೈಯಿಂದ ಬೆತ್ತ ಅದಕ್ಕೆ ಮುಂಚೆಯೇ ಬಿದ್ದುಹೋಗಿದ್ದಿತು. ಆದರೆ ಆ ಹುಡುಗನ ಪಾಲಿಗೆ ತೀರ ತಡವಾಗಿ.

ಮೂರನೆಯ ದಿನ ಕೆರೆಯ ಬಳಿ, ಮೊಮ್ಮಗನು ಬೆಂಡನ್ನು ನೋಡುತ್ತ ಕುಳಿತಿದ್ದಾಗ, ನಾನು ಧೈರ್ಯಮಾಡಿ ಆ ಮಾತನ್ನು ತೆಗೆದೆ. "ಅವತ್ತು ನಿನಗೆ ಹೊಡೆದೆನಲ್ಲ..." ಎಂದು ತೊದಲಿದೆ.

ಅವನು ನಕ್ಕನು. "ಹೊಡೆತ ಎಲ್ಲ ಯಾರು ನೆನಪಿಟ್ಕೋತಾರೆ ಮೇಷ್ಟ್ರೇ?" ಎಂದನು. ಸ್ವಲ್ಪ ಹೊತ್ತು ನೀರನ್ನು ನೋಡಿ ಮುಂದುವರಿಸಿದನು: "ಮೀನು ಮಾತ್ರ ನೆನಪಿದೆ. ಹದಿನಾಲ್ಕಿದ್ವು. ಮನೇಲಿ ನಾವು ಏಳು ಜನ. ತಲೆಗೆ ಎರಡೆರಡು ಬರುತ್ತೆ ಅಂತ ದಾರಿ ಉದ್ದಕ್ಕೂ ಲೆಕ್ಕ ಹಾಕ್ಕೊಂಡು ಬಂದಿದ್ದೆ."

ನಾನು ಏನೂ ಹೇಳಲಿಲ್ಲ. ಹೇಳಲು ಏನಿದ್ದಿತು? ಆ ದಿನ ನನ್ನ ತರಗತಿಯಲ್ಲಿ ಭಾಗಾಕಾರ ಗೊತ್ತಿದ್ದ ಹುಡುಗನು ಅವನೊಬ್ಬನೇ ಇದ್ದಿರಬೇಕು. ಬೆಂಡು ನಡುಗುತ್ತಿದ್ದಾಗಲೇ ನಾನು ಕೋಲನ್ನು ಎಳೆದುಬಿಟ್ಟಿದ್ದೆ.

ಅಷ್ಟರಲ್ಲಿ ಮೊಮ್ಮಗನು, "ಅಜ್ಜಾ, ನೀರಲ್ಲಿ ಕೆಂಪಗೆ ಏನೋ ಇದೆ!" ಎಂದನು. ದಡದ ಜೊಂಡಿನ ಬಳಿ, ಕುಂಕುಮದ ನೀರನ್ನು ಚೆಲ್ಲಿದಂತೆ, ಅಂಗೈಯಗಲದ ಒಂದು ಕೆಂಪು ಮೋಡ ಮೆಲ್ಲನೆ ಸರಿಯುತ್ತಿದ್ದಿತು. ದಿಟ್ಟಿಸಿ ನೋಡಿದರೆ ಅದು ನೂರಾರು ಮರಿಮೀನುಗಳ ಗುಂಪು. ಕಾವಲುಗಾರನು ಹುಡುಗನ ಗಾಳವನ್ನು ಮೇಲೆತ್ತಿ ಪಕ್ಕಕ್ಕಿಟ್ಟನು. "ಕೊರವನ ಮರಿಗಳು. ಕೆಳಗೇ ಅಪ್ಪ ಅಮ್ಮ ಕಾವಲಿರ್ತಾವೆ. ಈಗ ಏನು ಹಾಕಿದ್ರೂ ಕಚ್ತಾವೆ, ಹಸಿವಿಗಲ್ಲ, ಮರಿ ಕಾಯೋಕೆ. ಅದಕ್ಕೇ ಈಗ ಹಿಡೀಬಾರದು. ತಾಯಿ ತಂದೆ ಹೋದ್ರೆ ಆ ಮರಿಗಳನ್ನ ಬೇರೆ ಮೀನು ಒಂದು ಗಳಿಗೇಲಿ ಮುಗಿಸಿಬಿಡ್ತಾವೆ" ಎಂದನು. ಕೊರವ ಮೀನು ಆಗಾಗ ನೀರಿನ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಹುಡುಗನು ಅದನ್ನು ಕಾದನು. ಎಷ್ಟೋ ಹೊತ್ತಾದ ಮೇಲೆ ಕೆಂಪು ಮೋಡದ ಕೆಳಗಿನಿಂದ ಒಂದು ಕರಿಯ ತಲೆ ಎದ್ದು, ಗುಳಕ್ಕೆಂದು ಮರೆಯಾಯಿತು. ಹುಡುಗನು ಉಸಿರು ಬಿಡಲಿಲ್ಲ. ಆ ದಿನ ನನ್ನ ಗಡಿಯಾರದ ಪ್ರಕಾರ ಅವನು ಕುಳಿತಿದ್ದುದು ನಲವತ್ತು ನಿಮಿಷ. ಅವನ ಶಿಶುವಿಹಾರದವರಿಗೆ ಬರೆದು ತಿಳಿಸೋಣವೆನಿಸಿತು. ಆದರೆ ಅಲ್ಲಿ ಕೊರವನ ಮರಿಗಳಿಲ್ಲವಲ್ಲ!

ಹಿಡಿಯಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂಬ ಈ ಪಾಠ ಹತ್ತುಮೀನಿಗೂ ಸಲ್ಲುತ್ತದೆ. ಒಂದು ಕಿಲೋ ತೂಗುವ ರೋಹು ಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕ ಮೊಟ್ಟೆಗಳಿರುತ್ತವೆ. ರೋಹು, ಕಾಟ್ಲಗಳಂಥ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಅವುಗಳಿಗೆ ಮರಿಮಾಡಿಸುವ ವಿಧಾನವನ್ನು ಸಾಧಿಸುವವರೆಗೆ, ಕೆರೆಗೆ ಬಿಡುವ ಮರಿಗಳಿಗಾಗಿ ಜನ ಹೊಳೆಯನ್ನೇ ನಂಬಿದ್ದರು. ಹತ್ತುವ ಮೀನನ್ನೆಲ್ಲ ಹಿಡಿದರೆ ಇಳಿಯುವ ಮರಿ ಎಲ್ಲಿಂದ ಬಂದೀತು? ಹಿಂದಿನವರ ಹಬ್ಬವನ್ನು ಹೊಗಳುವಾಗ ಇದನ್ನೂ ಮಕ್ಕಳಿಗೆ ಹೇಳಬೇಕು.

ರಜೆ ಮುಗಿಯುವ ಹಿಂದಿನ ದಿನ ಬೆಂಡು ಓರೆಯಾಗಿ ಒಳಗಿಳಿಯಿತು. ನಾನು ತುಟಿ ಕಚ್ಚಿ ಕುಳಿತೆ. ಯಾರೂ ಏನೂ ಹೇಳದೆ ಹುಡುಗನು ಕೋಲನ್ನು ಎತ್ತಿದನು. ಬೆಳ್ಳಿಯಂತೆ ಮಿಂಚುತ್ತ ಮೇಲೆ ಬಂದುದು ಒಂದು ಜಿಲೇಬಿ ಮೀನು. ಆಫ್ರಿಕಾದ ಮೂಲದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂದು ಈಗ ಊರೂರ ಕೆರೆಗಳಲ್ಲಿ ಒಕ್ಕಲಾಗಿರುವುದು. ಇದರ ತಾಯಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಿಯಲ್ಲಿಟ್ಟುಕೊಂಡು ಸಾಕುತ್ತದೆಂದು ಕಾವಲುಗಾರನು ಹಿಂದೆಯೇ ಹೇಳಿದ್ದನು. ಹುಡುಗನು ಕುಣಿಯಲಿಲ್ಲ, ಕೂಗಲಿಲ್ಲ. ಮೊದಲು ಕೈಯನ್ನು ನೆನೆಸಿಕೊಂಡನು. ಆಮೇಲೆ, "ಇದರ ಬಾಯಲ್ಲಿ ಮರಿ ಇದೆಯಾ ನೋಡಿ" ಎಂದನು.

ಕಾವಲುಗಾರನು ಮೀನಿನ ಬಾಯನ್ನು ಬೆರಳಿನಿಂದ ಬಿಡಿಸಿ ಬೆಳಕಿಗೆ ಹಿಡಿದನು. "ಖಾಲಿ" ಎಂದನು.

"ಹಾಗಾದ್ರೆ ಮನೆಗೆ" ಎಂದನು ಹುಡುಗನು.

ರಾತ್ರಿ ಸೊಸೆ ಅದನ್ನು ಹುರಿದಳು. ಮನೆಯಲ್ಲಿ ಊಟಕ್ಕೆ ಕುಳಿತವರು ನಾಲ್ವರು; ಮೀನು ಒಂದೇ, ಅದೂ ಗೇಣಿಗೆ ಎರಡು ಬೆರಳು ಕಡಿಮೆ. ಹಂಚುವ ಅಧಿಕಾರವನ್ನು ಹುಡುಗನು ಯಾರಿಗೂ ಬಿಟ್ಟುಕೊಡಲಿಲ್ಲ. ನಡುವಿನ ತುಂಡುಗಳು ಅಮ್ಮನಿಗೆ ಮತ್ತು ಅಜ್ಜಿಗೆ, ಬಾಲದ ಕಡೆಯದು ತನಗೆ, ತಲೆ ಅಜ್ಜನಿಗೆ. ತಿನ್ನುವ ಮುನ್ನ ಒಂದು ಕ್ಷಣ ಅದನ್ನು ನೋಡಿದನು. ಏನು ಯೋಚಿಸಿದನೋ ತಿಳಿಯದು. ನಾನು ಕೇಳಲಿಲ್ಲ. ಒಂದೇ ಒಂದು ತುಣುಕನ್ನೂ ಅವನು ತಟ್ಟೆಯಲ್ಲಿ ಬಿಡಲಿಲ್ಲ.

ಅವನು ಬೆಂಗಳೂರಿಗೆ ಹೋಗಿ ಎರಡು ವಾರವಾದ ಮೇಲೆ ದೂರವಾಣಿಯಲ್ಲಿ ಮಾತಾಡಿದನು. ಇಲ್ಲಿ ಮೃಗಶಿರಾ ಮಳೆ ಸುರಿಯುತ್ತಿದ್ದಿತು. "ಅಜ್ಜಾ, ಕೆಂಪು ಮರಿಗಳು ದೊಡ್ಡದಾದ್ವಾ?" ಎಂದು ಕೇಳಿದನು. ನಾನು ಆ ದಿನ ಬೆಳಿಗ್ಗೆ ತಾನೇ ಕೆರೆಯ ಕಡೆ ಹೋಗಿ ಬಂದಿದ್ದೆ. ನೀರು ಕೆಂಪಾಗಿ ತುಂಬಿ, ಜೊಂಡು ಮುಳುಗಿ, ಏನೂ ಕಾಣುತ್ತಿರಲಿಲ್ಲ.

"ಗೊತ್ತಿಲ್ಲಪ್ಪ. ನೀರು ತಿಳಿಯಾಗೋವರೆಗೆ ಕಾಯಬೇಕು" ಎಂದೆ.

"ಸರಿ" ಎಂದನು.